ಹಳೇ ಸೇನಾ ಪ್ಯಾಚ್‌ಗೆ ಹಿಡಿದ ಅಂಟು ತೆಗೆಯುವುದು ಹೇಗೆ?

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ, ಸೈನಿಕರ ಸಮವಸ್ತ್ರಕ್ಕೆ ಹೊಲಿಯುವ ಕೆಲವು ಕಸೂತಿ ಪ್ಯಾಚ್‌ಗಳು ಸಿಕ್ಕಿವೆ. ಯಾರೋ ಆಲ್ಬಮ್‌ಗೆ ಅಂಟಿಸಿದ್ದರು. ಹಿಂಬದಿಯಲ್ಲಿ ಅಂಟು, ಕಾಗದದ ಚೂರು ಉಳಿದಿದೆ. ಸೋಪಿನ ಪುಡಿಯಲ್ಲಿ ನೆನೆಸಿ ತೊಳೆಯಬಹುದಾ?

ದಯವಿಟ್ಟು ಸೋಪಿನ ಪುಡಿ ಬೇಡ. ಈಗಿನ ಬಹಳಷ್ಟು ಪುಡಿಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಲೆಂದು ಒಂದು ರಾಸಾಯನಿಕ ಸೇರಿಸಿರುತ್ತಾರೆ. ಅದು ನೂಲಿಗೆ ಹಿಡಿದುಕೊಂಡು ಯುವಿ (ಅತಿನೇರಳೆ) ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ನಕಲಿ ಪ್ಯಾಚ್ ಪತ್ತೆಗೆ ಸಂಗ್ರಹಕಾರರು ಹಿಡಿಯುವುದೂ ಅದೇ ಬೆಳಕನ್ನು! 1940ರ ದಶಕದ ಹತ್ತಿ ನೂಲು ಸಾಮಾನ್ಯವಾಗಿ ಹಾಗೆ ಹೊಳೆಯುವುದಿಲ್ಲ. ಒಂದೇ ಸಲ ತೊಳೆದರೂ ಸಾಕು, ಅಸಲಿ ಪ್ಯಾಚ್ ಮೇಲೆ ಅನುಮಾನ ಶುರುವಾಗುತ್ತದೆ. ಆಮೇಲೆ ಆ ಹೊಳಪನ್ನು ತೆಗೆಯುವುದು ತುಂಬಾ ಕಷ್ಟ.

ಮೊದಲು ಅದು ಯಾವ ಅಂಟು ಅಂತ ನೋಡಿ. ಹತ್ತಿ ಕಡ್ಡಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಹಿಂಡಿ, ಹಿಂಬದಿಯ ಒಂದು ಮೂಲೆಯಲ್ಲಿ ಒಂದು ನಿಮಿಷ ಒತ್ತಿಹಿಡಿಯಿರಿ. ಅಂಟು ಮೆತ್ತಗಾಗಿ ಜಾರಿದರೆ ಅದು ಗೋಂದೋ ಹಿಟ್ಟಿನ ಅಂಟೋ ಆಗಿರಬಹುದು. ಅದಕ್ಕೆ ನೀರೇ ಸಾಕು. ಆದರೆ ಕಡ್ಡಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಕೆಂಪು ನೂಲು ಬಣ್ಣ ಬಿಟ್ಟು ಪಕ್ಕದ ಬಿಳಿ ನೂಲಿಗೆ ಹರಡಿದರೆ ಪ್ಯಾಚ್ ಹಾಳಾದ ಹಾಗೇ.

ನೀರಿಗೆ ಜಗ್ಗದೆ ರಬ್ಬರಿನಂತೆ ಎಳೆಯುವ ಅಂಟಾದರೆ ಚಳಿಯೇ ಒಳ್ಳೆಯ ಮದ್ದು. ಪ್ಯಾಚನ್ನು ಗಾಳಿಯಾಡದ ಚೀಲಕ್ಕೆ ಹಾಕಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ಅಂಟು ಗಡಸಾಗುತ್ತದೆ. ಹೊರತೆಗೆದ ತಕ್ಷಣ ಮೊಂಡು ಚಿಮುಟದಿಂದ ಚೂರು ಚೂರಾಗಿ ಎತ್ತಿ. ಹಿಂದಿನ ನೂಲಿನ ಎಳೆ ಜೊತೆಗೆ ಮೇಲೆದ್ದರೆ ಅಲ್ಲಿ ಕೈ ಹಾಕಬೇಡಿ. ಇನ್ನೂ ಜಿಗುಟು ಉಳಿದಿದ್ದರೆ ಲೈಟರ್‌ಗೆ ಹಾಕುವ ನ್ಯಾಫ್ತಾ ಬಳಸಬಹುದು. ಅದನ್ನೂ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಕಡ್ಡಿಯಿಂದ ಉಜ್ಜಬೇಡಿ, ಮೆಲ್ಲಗೆ ಉರುಳಿಸಿ, ಪ್ರತಿ ಸಲ ಹೊಸ ಕಡ್ಡಿ ತೆಗೆದುಕೊಳ್ಳಿ. ನ್ಯಾಫ್ತಾಗೆ ಬೇಗ ಬೆಂಕಿ ಹತ್ತುತ್ತದೆ, ಹಾಗಾಗಿ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ, ದೀಪ ಬೇಡ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಮುಟ್ಟಲೇಬೇಡಿ. ನೂಲಿನಲ್ಲಿ ಅಸಿಟೇಟ್ ಎಂಬ ಕೃತಕ ನಾರು ಇದ್ದರೆ ಅದು ಕರಗಿಯೇ ಹೋಗುತ್ತದೆ.

ಲೋಹದ ಜರಿಯ ಪ್ಯಾಚ್‌ಗೆ ನೀರು ಸೋಕಿಸಬೇಡಿ, ಜರಿ ಕಪ್ಪಾಗುತ್ತದೆ. ನಂತರದ ಕಾಲದ ಕೆಲವು ಪ್ಯಾಚ್‌ಗಳ ಹಿಂದೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಅದು ತಯಾರಿಸುವಾಗಲೇ ಹಾಕಿದ್ದು, ಕೀಳಬಾರದು.

ಕಾಗದದ ಚೂರಿನಲ್ಲಿ ಬರಹ ಇದ್ದರೆ ಕೀಳುವ ಮುಂಚೆ ಫೋಟೊ ತೆಗೆದಿಡಿ. ನನ್ನನ್ನು ಕೇಳಿದರೆ, ಅಂಥ ಚೂರನ್ನು ಹಾಗೇ ಬಿಡುವುದೇ ಸರಿ. ಪ್ಯಾಚ್ ಎಲ್ಲಿಂದ ಬಂತು ಎನ್ನಲು ಕೆಲವೊಮ್ಮೆ ಅದೊಂದೇ ಸಾಕ್ಷಿ. ಒಣಗಿ ಗಟ್ಟಿಯಾದ, ಮುಂಭಾಗದಿಂದ ಕಾಣದ ಅಂಟನ್ನೂ ಸುಮ್ನೆ ಕೆದಕುವುದು ಬೇಡ.

ಒದ್ದೆಯಾದ ಪ್ಯಾಚನ್ನು ಎರಡು ಬಿಳಿ ಬ್ಲಾಟಿಂಗ್ ಪೇಪರ್ ನಡುವೆ ಚಪ್ಪಟೆಯಾಗಿ ಇಟ್ಟು ನೆರಳಲ್ಲಿ ಒಣಗಿಸಿ. ಇಸ್ತ್ರಿ ಮಾಡಬೇಡಿ, ಉಳಿದ ಅಂಟು ಕರಗಿ ಮುಂಭಾಗಕ್ಕೆ ಇಳಿಯುತ್ತದೆ.