ಕಂಚುಕಿ ಕೇಳಿದ ಪ್ರಶ್ನೆ: ಪ್ರೇಷಿತರ ಕಾರ್ಯಕಲಾಪಗಳು 8:26–40

ಕಾರವಾರದ ನಮ್ಮ ಬೈಬಲ್ ಬಳಗ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಓದಲಿರುವ ಭಾಗ ಇದು. ಕಥೆ ಎಲ್ಲರಿಗೂ ಗೊತ್ತು: ಜೆರುಸಲೇಮಿನಿಂದ ಗಾಜಾಕ್ಕೆ ಇಳಿಯುವ ದಾರಿ, ರಥದಲ್ಲಿ ರಾಣಿ ಕಂದಾಕೆಯ ಖಜಾನೆ ನೋಡಿಕೊಳ್ಳುವ ಕಂಚುಕಿ (ನಪುಂಸಕನಾದ ಅರಮನೆ ಅಧಿಕಾರಿ), ಓಡಿಬಂದ ಶುಭಸಂದೇಶ ಸಾರುವ ಫಿಲಿಪ್ಪ, ಕೊನೆಗೆ ಸ್ನಾನದೀಕ್ಷೆ. ಗೊತ್ತಿರುವ ಕಥೆ ಅಂತಲೇ ಸರಸರ ಓದಿ ಮುಗಿಸಿಬಿಡುತ್ತೇವೆ.

ಇಲ್ಲಿ ಇಥಿಯೋಪಿಯ ಅಂದರೆ ಈಗಿನ ದೇಶವಲ್ಲ; ಇಂದಿನ ಸುಡಾನಿನಲ್ಲಿದ್ದ ಮೆರೋಯೆ ರಾಜ್ಯ. ಕಂದಾಕೆ ಅನ್ನುವುದು ಅಲ್ಲಿನ ರಾಣಿಯರ ಬಿರುದು, ಒಬ್ಬಳ ಹೆಸರಲ್ಲ. ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕ ಮೂಲದ ಸಿದ್ದಿ ಬಾಂಧವರ ಜೊತೆ ಕೂತು ಈ ಭಾಗ ಓದಬೇಕು ಅನ್ನುವುದು ನನ್ನ ಬಹುದಿನದ ಆಸೆ. ಅವರ ಮೂಲ ಇದೇ ರಾಜ್ಯ ಅಂತಲ್ಲ. ಇಸ್ರಯೇಲಿನ ಗಡಿಯಾಚೆಯಿಂದ ಬಂದು ದೀಕ್ಷೆ ಪಡೆದವನ ಮೊದಲ ವಿವರವಾದ ಚಿತ್ರಗಳಲ್ಲಿ ಒಂದು ಆಫ್ರಿಕದವನದು ಅನ್ನುವುದನ್ನು ನಾವು ಮರೆತೇಬಿಡುತ್ತೇವೆ, ಅದಕ್ಕೆ.

ಈಗ ಮುಖ್ಯ ವಿಷಯ. 34ನೇ ವಚನದಲ್ಲಿ ಕಂಚುಕಿ ಕೇಳುತ್ತಾನೆ: ಪ್ರವಾದಿ ಇದನ್ನು ಯಾರ ಬಗ್ಗೆ ಹೇಳುತ್ತಿದ್ದಾನೆ, ತನ್ನ ಬಗ್ಗೆಯೋ, ಬೇರೊಬ್ಬನ ಬಗ್ಗೆಯೋ? ಓದುತ್ತಿದ್ದದ್ದು ಪ್ರವಾದಿ ಯೆಶಾಯನ ಗ್ರಂಥದ 53:7–8, ವಧೆಗೆ ಒಯ್ಯುವ ಕುರಿಯಂತೆ ಬಾಯಿ ತೆರೆಯದ ದೇವರ ದಾಸನೊಬ್ಬನ ಚಿತ್ರ. ಇದು ಏನೂ ತಿಳಿಯದವನ ಪ್ರಶ್ನೆಯಲ್ಲ. ಅದೇ ಗ್ರಂಥದ 49:3ರಲ್ಲಿ ದೇವರ ದಾಸ ಎಂದರೆ ಇಸ್ರಯೇಲ್ ಅಂತ ನೇರವಾಗಿಯೇ ಇದೆ, 53ರಲ್ಲಿ ಹೆಸರಿಲ್ಲ. ಗಮನವಿಟ್ಟು ಓದಿದವನಿಗೆ ಮಾತ್ರ ಹೊಳೆಯುವ ಸಂದೇಹ ಇದು. ‘ಫಾದರ್ ಹೇಳಿದ ಮೇಲೆ ಮತ್ತೇನು ಕೇಳೋದು’ ಅನ್ನುವವರು ನಮ್ಮಲ್ಲೂ ಇದ್ದಾರೆ. ಫಿಲಿಪ್ಪನಂತೂ ಬೈಯಲಿಲ್ಲ, ರಥ ಹತ್ತಿ ಪಕ್ಕದಲ್ಲಿ ಕೂತ, ಅದೇ ವಾಕ್ಯದಿಂದ ಶುರುಮಾಡಿ ಯೇಸುವಿನವರೆಗೆ ಬಂದ. ಆದರೆ ಏನೇನು ವಿವರಿಸಿದ ಅಂತ ಈ ಪುಸ್ತಕ ಬರೆದ ಲೂಕ ಒಂದು ಸಾಲೂ ಬರೆದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಲೂಕ ಉದ್ಧರಿಸುವುದು ‘ಅವನ ಜೀವ ಭೂಮಿಯಿಂದ ತೆಗೆಯಲ್ಪಟ್ಟಿತು’ ಎಂಬಲ್ಲಿಗೆ. ಅದರ ಬೆನ್ನಿಗೇ, ಜನರ ದ್ರೋಹಕ್ಕಾಗಿ ಪೆಟ್ಟು ತಿಂದ ಅನ್ನುವ ಮಾತು ಬರುತ್ತದೆ, ಅದನ್ನು ಬಿಟ್ಟಿದ್ದಾನೆ. ಯೇಸುವಿನ ಮರಣದ ಅರ್ಥ ವಿವರಿಸಲು ನಾವು ಮೊದಲು ಎತ್ತಿಕೊಳ್ಳುವುದು ಆ ಸಾಲನ್ನೇ! ಇಲ್ಲಿ ಲೂಕನ ಕಣ್ಣು ದಾಸನಿಗೆ ಆದ ಅವಮಾನದ ಮೇಲಿದೆ ಅಂತ ನನಗನ್ನಿಸುತ್ತದೆ.

ಅವಮಾನ ಕಂಚುಕಿಗೆ ಹೊಸದಲ್ಲ. ಧರ್ಮೋಪದೇಶಕಾಂಡ 23:1ರ ಪ್ರಕಾರ ಅಂಥವನಿಗೆ ದೇವರ ಸಭೆಯಲ್ಲಿ ಜಾಗವಿಲ್ಲ. ಅಷ್ಟು ದೂರದಿಂದ ಆರಾಧನೆಗೆ ಹೋದವನನ್ನು ದೇವಾಲಯದಲ್ಲಿ ಎಲ್ಲಿಯವರೆಗೆ ಬಿಟ್ಟಿದ್ದಾರು? ಆದರೆ ಅದೇ ಯೆಶಾಯನ 56:3–5ರಲ್ಲಿ, ‘ನಾನು ಒಣಮರ’ ಎಂದು ಕಂಚುಕಿ ಹೇಳದಿರಲಿ, ಅವನಿಗೆ ಗಂಡುಹೆಣ್ಣು ಮಕ್ಕಳಿಗಿಂತ ಮಿಗಿಲಾದ ಹೆಸರು ಕೊಡುತ್ತೇನೆ ಎಂಬ ವಾಗ್ದಾನವಿದೆ. ನಮಗೆ ಅದು ಮೂರು ಅಧ್ಯಾಯ ಆಚೆ. ಅವನ ಸುರುಳಿಯಲ್ಲಿ ಅಧ್ಯಾಯದ ಅಂಕೆಗಳೇ ಇರಲಿಲ್ಲ, ಅವು ಬಂದದ್ದು 13ನೇ ಶತಮಾನದಲ್ಲಿ. ಮೃತಸಮುದ್ರದ ದಡದ ಕುಮ್ರಾನಿನಲ್ಲಿ 1947ರಲ್ಲಿ ಸಿಕ್ಕ ಯೆಶಾಯನ ಸುರುಳಿ ಏಳು ಮೀಟರಿಗೂ ಉದ್ದ, 54 ಅಂಕಣ. ಅಂಥದರಲ್ಲಿ 53ರಿಂದ 56ಕ್ಕೆ ಹೋಗಲು ಕೈ ಸ್ವಲ್ಪ ಸುತ್ತಿದರೆ ಸಾಕು. ಅವನು ಅಲ್ಲಿಯವರೆಗೆ ಓದಿದ ಅಂತ ಲೂಕ ಹೇಳುವುದಿಲ್ಲ. ಆದರೂ ‘ದೀಕ್ಷೆ ಪಡೆಯಲು ನನಗೇನು ಅಡ್ಡಿ?’ ಎಂಬ 36ನೇ ವಚನವನ್ನು 56 ಓದಿದ ಮೇಲೆ ಓದಿ ನೋಡಿ, ‘ಅಡ್ಡಿ’ ಯಾವುದು ಅಂತ ಗೊತ್ತಾಗುತ್ತದೆ.

37ನೇ ವಚನ ಕೆಲವು ಮುದ್ರಣಗಳಲ್ಲಿ ಅಡಿಟಿಪ್ಪಣಿಯಲ್ಲಿರುತ್ತದೆ. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಅದಿಲ್ಲ; ಗಾಬರಿಪಡುವಂಥದ್ದೇನಲ್ಲ.

ಭಾನುವಾರಕ್ಕೆ ಯೆಶಾಯ 52:13ರಿಂದ 56:8ರವರೆಗೆ ಓದಿಕೊಂಡು ಬನ್ನಿ. ದಾಸನ ಗೀತೆ ನಿಜಕ್ಕೂ ಶುರುವಾಗುವುದು 52:13ರಲ್ಲಿ, 53ರಲ್ಲಲ್ಲ.