ಪದ ಪರಿಚಯ: ವಿಓ2 ಮ್ಯಾಕ್ಸ್

ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ದುಡಿಯುವಾಗ ದೇಹ ಒಂದು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದರ ಅಳತೆಯೇ ವಿಓ2 ಮ್ಯಾಕ್ಸ್. ದೇಹತೂಕದ ಪ್ರತಿ ಕಿಲೋಗೆ ಇಷ್ಟು ಮಿಲಿಲೀಟರ್ ಎಂದು ಲೆಕ್ಕ. ವ್ಯಾಯಾಮದ ರೂಢಿ ಇಲ್ಲದ ಆರೋಗ್ಯವಂತ ಯುವಕರಲ್ಲಿ ಇದು ಸಾಮಾನ್ಯವಾಗಿ 35ರಿಂದ 45. ಅಂತರರಾಷ್ಟ್ರೀಯ ಮಟ್ಟದ ಪುರುಷ ಟ್ರಯಥ್ಲೀಟ್‌ಗಳಲ್ಲಿ (ಈಜು, ಸೈಕಲ್, ಓಟ ಮೂರನ್ನೂ ಒಂದೇ ಸ್ಪರ್ಧೆಯಲ್ಲಿ ಮಾಡುವವರು) 70ನ್ನೂ ದಾಟುತ್ತದೆ.

ಬೇಗ ದಮ್ಮು ಹತ್ತಿದರೆ ಶ್ವಾಸಕೋಶ ಸಣ್ಣದಿದೆ, ಅಭ್ಯಾಸ ಮಾಡಿದರೆ ಅದು ದೊಡ್ಡದಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಬೆಳೆದವರ ಶ್ವಾಸಕೋಶದ ಗಾತ್ರ ತರಬೇತಿಯಿಂದ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮತ್ತು ಪಕ್ಕೆಲುಬಿನ ನಡುವಿನ ಸ್ನಾಯುಗಳು ದಣಿಯದೆ ಹೆಚ್ಚು ಹೊತ್ತು ದುಡಿಯಲು ಕಲಿಯುತ್ತವೆ, ಅಷ್ಟೇ. ನಿಜವಾದ ಬದಲಾವಣೆ ಆಗುವುದು ಹೃದಯ, ರಕ್ತ ಮತ್ತು ಸ್ನಾಯುಗಳಲ್ಲಿ.

ಲೆಕ್ಕ ಹಾಕಿ ನೋಡೋಣ. 70 ಕಿಲೋ ತೂಕದವನ ಹೃದಯ ನಿಮಿಷಕ್ಕೆ ಗರಿಷ್ಠ 190 ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೆ 100 ಮಿ.ಲೀ. ರಕ್ತ ತಳ್ಳುತ್ತದೆ ಎನ್ನಿ. ಅಲ್ಲಿಗೆ ನಿಮಿಷಕ್ಕೆ 19 ಲೀಟರ್ ರಕ್ತ. ಒಂದು ಲೀಟರಿನಿಂದ ಸ್ನಾಯುಗಳು 150 ಮಿ.ಲೀ. ಆಮ್ಲಜನಕ ಹೀರಿಕೊಂಡರೆ ವಿಓ2 ಮ್ಯಾಕ್ಸ್ ಸುಮಾರು 41. ಅದೇ ತೂಕ, ಅದೇ 190 ಬಡಿತ, ಆದರೆ ಬಡಿತಕ್ಕೆ 150 ಮಿ.ಲೀ. ತಳ್ಳುವ ಹೃದಯವಿದ್ದರೆ ಅದು 61. ಗರಿಷ್ಠ ಬಡಿತ ತರಬೇತಿಯಿಂದ ಏರುವುದಿಲ್ಲ. ಏರುವುದು ಪ್ರತಿ ಬಡಿತದ ಪ್ರಮಾಣ. ಕುಳಿತಾಗ 70 ಇದ್ದ ನಾಡಿ ಕ್ರಮೇಣ 55ಕ್ಕೆ ಇಳಿಯುವುದಕ್ಕೂ ಮುಖ್ಯ ಕಾರಣಗಳಲ್ಲಿ ಇದೊಂದು. ಎಷ್ಟರ ಮಟ್ಟಿಗೆ ಏರೀತು ಎಂಬುದರಲ್ಲಿ ಅನುವಂಶೀಯತೆಯ ಪಾಲೂ ದೊಡ್ಡದು.

ರಕ್ತದ ಪ್ಲಾಸ್ಮಾ, ಅಂದರೆ ಕಣಗಳನ್ನು ಬಿಟ್ಟು ಉಳಿದ ದ್ರವಭಾಗ, ಮೊದಲ ಒಂದೆರಡು ವಾರದಲ್ಲೇ ಹೆಚ್ಚುತ್ತದೆ, ಕೆಂಪು ಕಣಗಳು ನಿಧಾನಕ್ಕೆ. ಹೀಗಾಗಿ ಹೊಸದಾಗಿ ತರಬೇತಿಗಿಳಿದವರ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಕಾಣಬಹುದು. ಆದರೆ ನಿಜವಾದ ರಕ್ತಹೀನತೆಯನ್ನು ಇದೇ ಎಂದು ತಳ್ಳಿಹಾಕಬಾರದು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 15 ಗ್ರಾಂ ಇದ್ದಾಗ ಲೀಟರ್ ರಕ್ತ ಸುಮಾರು 200 ಮಿ.ಲೀ. ಆಮ್ಲಜನಕ ಹೊರುತ್ತದೆ, 11 ಇದ್ದರೆ 147 ಮಾತ್ರ. ಎಷ್ಟು ಓಡಿದರೂ ಈ ಕೊರತೆ ತುಂಬದು. ಮುಟ್ಟಿನ ಸ್ರಾವ ಹೆಚ್ಚಿರುವ ಹೆಣ್ಣುಮಕ್ಕಳಂತೂ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ) ಪರೀಕ್ಷೆಯನ್ನೂ ಮಾಡಿಸಲೇಬೇಕು. ಊಟದ ಬೆನ್ನಿಗೇ ಚಹಾ ಕುಡಿಯುವುದು ನಮ್ಮ ಕಡೆಯ ರೂಢಿ. ರೊಟ್ಟಿ, ಕಾಳುಪಲ್ಯದಲ್ಲಿನ ಕಬ್ಬಿಣ ಮೈಗೆ ಹತ್ತಲು ಅದು ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಟ್ರಯಥ್ಲೀಟ್‌ಗೆ ಇನ್ನೊಂದು ತೊಡಕು: ಒಬ್ಬನದೇ ವಿಓ2 ಮ್ಯಾಕ್ಸ್ ಈಜು, ಸೈಕಲ್, ಓಟದಲ್ಲಿ ಬೇರೆ ಬೇರೆ. ಸಾಮಾನ್ಯವಾಗಿ ಓಟದಲ್ಲಿ ಹೆಚ್ಚು, ಈಜಿನಲ್ಲಿ ಕಡಿಮೆ. ಹೃದಯಕ್ಕೆ ಸಿಕ್ಕ ಲಾಭ ಮೂರಕ್ಕೂ ಹಂಚಿಕೆಯಾಗುತ್ತದೆ. ಲೋಮನಾಳ (ಕೂದಲೆಳೆಯಂಥ ಸಣ್ಣ ರಕ್ತನಾಳ), ಮೈಟೊಕಾಂಡ್ರಿಯಾ (ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಜೀವಕೋಶದ ಭಾಗ) ಮಾತ್ರ ದುಡಿದ ಸ್ನಾಯುವಿನಲ್ಲೇ ಬೆಳೆಯುತ್ತವೆ. ಓಡಿ ಗಳಿಸಿದ್ದು ಈಜುವ ತೋಳಿಗೆ ಸಿಗದು. ನೀರಿನಲ್ಲಿ ಮಲಗಿದ ಭಂಗಿಯಿಂದಾಗಿ ನಾಡಿಯೂ ಸುಮಾರು 10 ಕಡಿಮೆ ಇರುತ್ತದೆ, ಓಟದ ನಾಡಿಮಿತಿಯನ್ನು ಕೊಳದಲ್ಲಿ ಬಳಸಬೇಡಿ.

ಅಳೆಯಲು ಪ್ರಯೋಗಾಲಯ ಸಿಗದಿದ್ದರೆ ಕೂಪರ್ ಪರೀಕ್ಷೆ ಸಾಕು. ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಂಥ 400 ಮೀಟರ್ ಟ್ರ್ಯಾಕಿನ ಒಳಸಾಲಿನಲ್ಲಿ, 15 ನಿಮಿಷ ಮೈ ಬಿಸಿ ಮಾಡಿಕೊಂಡು, 12 ನಿಮಿಷ ಆದಷ್ಟು ದೂರ ಓಡಿ. ಮೀಟರಿನಲ್ಲಿ ಬಂದ ದೂರದಿಂದ 504.9 ಕಳೆದು 44.73ರಿಂದ ಭಾಗಿಸಿ. ಆರು ಸುತ್ತಿಗೆ 42, ಏಳಕ್ಕೆ 51. ಮೊದಲ ಸುತ್ತನ್ನೇ ಜೋರಾಗಿ ಓಡಿದರೆ ಕೊನೆಯಲ್ಲಿ ಕುಸಿದು ಅಂಕಿ ತಪ್ಪುತ್ತದೆ. ಎದೆನೋವು, ತಲೆಸುತ್ತು ಇರುವವರು, 40 ದಾಟಿ ಹೊಸದಾಗಿ ಶುರುಮಾಡುವವರು ವೈದ್ಯರನ್ನು ಕಾಣದೆ ಇದನ್ನು ಮಾಡಕೂಡದು.

ಹೆಚ್ಚಿಸಲು ವಾರದ ಬಹುಪಾಲು ಅಭ್ಯಾಸ ಪೂರ್ತಿ ವಾಕ್ಯ ಮಾತಾಡಬಲ್ಲಷ್ಟು ಹಗುರವಾಗಿರಲಿ. ಒಂದು ಅಥವಾ ಎರಡು ದಿನ ಮಾತ್ರ ಬಿರುಸು: ಗರಿಷ್ಠ ನಾಡಿಯ ಶೇ. 90–95ರಲ್ಲಿ 4 ನಿಮಿಷ, ನಡುವೆ 3 ನಿಮಿಷ ನಿಧಾನ ಓಟ, ಹೀಗೆ ನಾಲ್ಕು ಸಲ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟದ ಏರು ಇದಕ್ಕೆ ಒದಗುತ್ತದೆ: ವೇಗ ಕಡಿಮೆಯಿದ್ದರೂ ನಾಡಿ ಏರುತ್ತದೆ, ಮೊಣಕಾಲಿಗೆ ಪೆಟ್ಟು ಕಡಿಮೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ದಿನಾಲೂ ನಡುಮಟ್ಟದ ವೇಗದಲ್ಲಿ ಓಡುತ್ತಾರೆ. ಹಗುರಾದ ದಿನ ಸಾಕಷ್ಟು ಹಗುರಿರುವುದಿಲ್ಲ, ಬಿರುಸಿನ ದಿನಕ್ಕೆ ಕಾಲು ತಾಜಾ ಇರುವುದಿಲ್ಲ. ಸೈಕಲ್ಲಿನಲ್ಲೂ ಹೀಗೇ: ಮಳೆಗಾಲದ ಪಡುವಣ ಗಾಳಿಗೆ ಹುಬ್ಬಳ್ಳಿಯಿಂದ ಗದಗಿಗೆ ಹೋಗುವಾಗ ಸಲೀಸು, ಮರಳುವಾಗ ಎದುರುಗಾಳಿ. ಅದೇ ವೇಗ ಹಿಡಿಯಲು ಹೋದರೆ ಹಗುರ ಸವಾರಿ ಬಿರುಸಾಗಿಬಿಡುತ್ತದೆ. ಇಲ್ಲಿ ವೇಗ ಬಿಟ್ಟು ನಾಡಿ ನೋಡಬೇಕು.

ಏಪ್ರಿಲ್–ಮೇ ಬಿಸಿಲಿನಲ್ಲಿ ನಾಡಿಯೂ ದಾರಿ ತಪ್ಪಿಸುತ್ತದೆ. ಬೆವರಿಗೆ ಪ್ಲಾಸ್ಮಾ ಇಳಿದು, ರಕ್ತ ಚರ್ಮದ ಕಡೆ ಹರಿದು, ಪ್ರತಿ ಬಡಿತಕ್ಕೆ ತಳ್ಳುವ ರಕ್ತದ ಪ್ರಮಾಣ ಕುಗ್ಗುತ್ತದೆ. ಅದನ್ನು ತುಂಬಲು ವೇಗ ಅಷ್ಟೇ ಇದ್ದರೂ ಬಡಿತ ಏರುತ್ತ ಹೋಗುತ್ತದೆ. ಕೈಗಡಿಯಾರ ತೋರಿಸುವ ವಿಓ2 ಮ್ಯಾಕ್ಸ್ ವೇಗ ಮತ್ತು ನಾಡಿಯನ್ನು ಹೋಲಿಸಿ ಮಾಡಿದ ಅಂದಾಜು, ಹಾಗಾಗಿ ಮೇನಲ್ಲಿ ಅದು ಎರಡು ಮೂರು ಅಂಕ ಇಳಿದರೆ ಗಾಬರಿಯಾಗಿ ಬಿರುಸಿನ ದಿನಗಳನ್ನು ಹೆಚ್ಚಿಸಬೇಡಿ. ಮುಂಜಾನೆ ಆರರೊಳಗೆ ಓಡಿ, ಮೊದಲ ಮಳೆಯ ನಂತರ ಟ್ರ್ಯಾಕಿನಲ್ಲಿ ಮತ್ತೆ ಅಳೆಯಿರಿ.