ಒಣಗಿದ ಮಣ್ಣು ಮಡಕೆಯಲ್ಲ

‘ಕುಂಬಾರ’ ಬಂದಿದ್ದು ಸಂಸ್ಕೃತದ ‘ಕುಂಭಕಾರ’ದಿಂದ. ಕುಂಭ ಮಾಡುವವನು ಎಂದರ್ಥ. ‘ಸೆರಾಮಿಕ್’ ಪದದ ಬೇರು ಗ್ರೀಕಿನ ‘ಕೆರಾಮೋಸ್’, ಅಂದರೆ ಕುಂಬಾರನ ಮಣ್ಣು. ಒಂದರಲ್ಲಿ ಪಾತ್ರೆ ಇದೆ, ಇನ್ನೊಂದರಲ್ಲಿ ಮಣ್ಣಿದೆ. ಬೆಂಕಿಯ ಸುದ್ದಿಯೇ ಇಲ್ಲ! ಮಡಕೆ ಅಂದರೆ ಬಿಸಿಲಲ್ಲಿ ಒಣಗಿ ಗಟ್ಟಿಯಾದ ಮಣ್ಣು ಎಂದು ಓದಿದವರೂ ಹೇಳುತ್ತಾರೆ. ಅದನ್ನು ಕೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ.

ಒಮ್ಮೆ ಎರಡು ಹಣತೆ ತಂದು ಬಕೆಟ್ಟಿನ ನೀರಿಗೆ ಹಾಕಿದೆ. ಒಂದು ಸುಟ್ಟದ್ದು, ಇನ್ನೊಂದು ಚೆನ್ನಾಗಿ ಒಣಗಿದ್ದರೂ ಸುಡದ ಹಸಿ ಹಣತೆ. ಹಸಿಯದರಿಂದ ಗುಳ್ಳೆ ಎದ್ದವು. ಅಂಚು ಪದರ ಪದರವಾಗಿ ಜಾರಿತು. ಸ್ವಲ್ಪ ಹೊತ್ತಿಗೆ ತಳದಲ್ಲಿ ಬರೀ ಕೆಸರಿನ ಗುಡ್ಡೆ. ಅದನ್ನು ಬಳಿದು ನಾದಿದರೆ ಮತ್ತೆ ತಿಗರಿಗೆ, ಅಂದರೆ ಕುಂಬಾರನ ಚಕ್ರಕ್ಕೆ, ಹಾಕಬಹುದು. ಸುಟ್ಟ ಹಣತೆ ಮಾತ್ರ ಅಲುಗಲಿಲ್ಲ.

ಇದಕ್ಕೆ ಕಾರಣ, ಮಣ್ಣಿನಲ್ಲಿ ಎರಡು ಬಗೆಯ ನೀರಿದೆ. ಜೇಡಿಯ ಕಣಗಳು ಇಸ್ಪೀಟು ಎಲೆಗಳಂತೆ ಚಪ್ಪಟೆ. ಎಲೆಗಳ ನಡುವೆ ನೀರಿದ್ದರೆ ಒಂದರ ಮೇಲೊಂದು ಜಾರುತ್ತವೆ. ಬೆರಳಿಗೆ ಮಣ್ಣು ಬಗ್ಗುವುದು ಹಾಗೆ. ಬಿಸಿಲು ಒಣಗಿಸುವುದು ಈ ನೀರನ್ನು ಮಾತ್ರ. ಇನ್ನೊಂದು, ಎಲೆಯ ಒಳಗೇ ಹೆಣೆದುಕೊಂಡ ನೀರು. ಕೆಯೋಲಿನೈಟ್ ಎಂಬ ಜೇಡಿ ಖನಿಜವನ್ನೇ ನೋಡಿ: ಎಷ್ಟು ಒಣಗಿಸಿದರೂ 100 ಗ್ರಾಮಿನಲ್ಲಿ ಸುಮಾರು 14 ಗ್ರಾಂ ಉಳಿದೇ ಇರುತ್ತದೆ. ಅದು ಬಿಡುವುದು ಆವಿಗೆಯ, ಅಂದರೆ ಮಡಕೆ ಸುಡುವ ಗೂಡಿನ, ಶಾಖ 500 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದಾಗ. ಆಗ ಎಲೆಯ ಹೆಣಿಗೆಯೇ ಕಳಚುತ್ತದೆ. ಶಾಖ ಇನ್ನೂ ಏರಿದಂತೆ ಕಣಗಳು ಒಂದಕ್ಕೊಂದು ಬೆಸೆಯುತ್ತವೆ. ಒಣಗಿದ ಹಿಟ್ಟಿನ ಉಂಡೆಗೆ ನೀರು ಹಾಕಿದರೆ ಮತ್ತೆ ಹಿಟ್ಟೇ. ಬೆಂದ ರೊಟ್ಟಿ ನೆನೆಸಿದರೆ? ನೆನೆದ ರೊಟ್ಟಿ ಅಷ್ಟೇ, ಅಲ್ವಾ?

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನುತ್ತೇವೆ. ದೊಣ್ಣೆ ಮಡಕೆ ಒಡೆಯಬಲ್ಲದು, ಚೂರನ್ನು ಮತ್ತೆ ಜೇಡಿ ಮಾಡಲಾರದು. ಚೀನಾದ ಶಿಯೆನ್‌ರೆನ್‌ದೊಂಗ್ ಗುಹೆಯಲ್ಲಿ ಸುಮಾರು 20,000 ವರ್ಷ ಹಳೆಯ ಮಡಕೆ ಚೂರು ಸಿಕ್ಕಿವೆ. ಕೆಲವಕ್ಕೆ ಮಸಿಯೂ ಅಂಟಿದೆ. ಬೇಸಾಯ ಶುರುವಾದ ಮೇಲೆ ಕಾಳು ತುಂಬಿಡಲು ಮಡಕೆ ಹುಟ್ಟಿತು ಎಂದು ನಾವು ಶಾಲೆಯಲ್ಲಿ ಕಲಿತದ್ದು ತಪ್ಪು. ಬೇಟೆಯಾಡಿ, ಗೆಡ್ಡೆ ಅಗೆದು ತಿನ್ನುತ್ತಿದ್ದವರೇ ಮಡಕೆ ಸುಟ್ಟಿದ್ದರು. ತಿಗರಿಯಂತೂ ತೀರ ಈಚಿನದು.

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಕಪ್ಪು-ಕೆಂಪು ಬಟ್ಟಲುಗಳು ಸಿಕ್ಕವು. ಒಳಗೂ ಬಾಯಿಯ ಅಂಚೂ ಕಪ್ಪು, ಹೊರಮೈ ಕೆಂಪು. ಬಣ್ಣ ಬಳಿದದ್ದಲ್ಲ. ಬಟ್ಟಲನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಆಡುವುದಿಲ್ಲ, ಹೊಗೆ ತುಂಬಿ ಕಪ್ಪಾಗುತ್ತದೆ. ಗಾಳಿ ತಗುಲಿದ ಹೊರಮೈಯಲ್ಲಿ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ. ಎರಡು ಬಣ್ಣ ಕೂಡುವ ಆ ಗೆರೆ ನೋಡಿದರೆ, ಎರಡು ಸಾವಿರ ವರ್ಷಗಳ ಹಿಂದೆ ಅಂದಿನ ಆವಿಗೆಯಲ್ಲಿ ಗಾಳಿ ಎಲ್ಲಿಯವರೆಗೆ ನುಗ್ಗಿತ್ತು ಎಂದು ಬೆರಳಿಟ್ಟು ತೋರಿಸಬಹುದು.